ಮನೆಯ ಕಂಪ್ಯೂಟರನ್ನು ಕಂಡಮ್ ಮಾಡುವ ಮುನ್ನ

"ಮೇಡಂ, ಇದಕ್ಕೆ ದುಡ್ಡು ಹಾಕೋದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ನಲವತ್ತೈದು ಸಾವಿರಕ್ಕೆ ಹೊಸದೇ ಬರುತ್ತೆ, ಕಂತಿನ ಮೇಲೂ ಕೊಡ್ತೀವಿ" ಎಂದ ಅಂಗಡಿಯ ಹುಡುಗ. ತೀರಾ ನಿಧಾನವಾಯಿತೆಂದು ನಾನು ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದ ಸಿಪಿಯು ಡಬ್ಬವನ್ನು ಅವನು ಮುಟ್ಟಿಯೂ ನೋಡಿರಲಿಲ್ಲ. ಯಾವ ವರ್ಷದ್ದು ಎಂದು ಕೇಳಿದ, 2014 ಎಂದೆ. ಅಷ್ಟಕ್ಕೇ ತೀರ್ಪು ಹೊರಬಿತ್ತು.

ಡಬ್ಬ ಎತ್ತಿಕೊಂಡು ಅದೇ ಆಟೊದಲ್ಲಿ ವಾಪಸ್ ಬಂದೆ. ತಿಪಟೂರಿನಲ್ಲಿ ಇಪ್ಪತ್ತಾರು ವರ್ಷದಿಂದ ಪ್ರೌಢಶಾಲೆ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಪರೀಕ್ಷಿಸದೆ ಫಲಿತಾಂಶ ಬರೆದವರಿಗೆ ಅಂಕ ಕೊಟ್ಟವಳಲ್ಲ. ನಮ್ಮ ಯಜಮಾನರು ತೋಟದ ಮೋಟರ್ ನೀರೆತ್ತದಿದ್ದರೆ ಅದು ಯಾವ ಇಸವಿಯದು ಎಂದು ಯೋಚಿಸುತ್ತ ಕೂರುವುದಿಲ್ಲ. ವೈಂಡಿಂಗ್ ಸುಟ್ಟಿದೆಯೋ, ಬುಷ್ ಸವೆದಿದೆಯೋ, ಫುಟ್‌ವಾಲ್ವಿಗೆ ಕಸ ಸಿಕ್ಕಿದೆಯೋ ಎಂದು ಬಿಚ್ಚಿಸಿ ನೋಡುತ್ತಾರೆ. ಮಿಕ್ಸಿ ಕೆಟ್ಟರೂ ಮನೆಯಲ್ಲಿ ಇದೇ ಪದ್ಧತಿ. ಕಂಪ್ಯೂಟರ್ ಒಂದರ ವಿಷಯದಲ್ಲಿ ಮಾತ್ರ ನಾವು ಜಾತಕ ನೋಡಿ ಆಯುಸ್ಸು ಹೇಳಿಬಿಡುತ್ತೇವೆ.

ಹಳೆಯ ಕಂಪ್ಯೂಟರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ಪ್ರಶ್ನೆ ಈಗ ಬಹಳ ಮನೆಗಳ ಬಾಗಿಲಿಗೆ ಬಂದಿದೆ. ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೆಯ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ನಮ್ಮದು ನಾಲ್ಕನೆಯ ತಲೆಮಾರಿನ ಐ3. ಬೆಂಬಲ ನಿಂತಿತೆಂದರೆ ಕಂಪ್ಯೂಟರ್ ನಿಂತಿತು ಎಂದಲ್ಲ. ಮಾಡು ಸೋರಿದರೆ ಹೆಂಚು ಸರಿಮಾಡಲು ಇನ್ನು ಯಾರೂ ಬರುವುದಿಲ್ಲ ಎಂದು. ಮನೆಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ವ್ಯವಸ್ಥೆಯನ್ನೂ ಆ ಕಂಪನಿಯೇ ಮಾಡಿತು. ನನಗೆ ಅಂಗಡಿಯಲ್ಲಿ ಯಾರೂ ಇದನ್ನು ಹೇಳಲಿಲ್ಲ.

ಮನೆಗೆ ಬಂದು ಮಾಡಿದ ಮೊದಲ ಕೆಲಸಕ್ಕೆ ಸ್ಕ್ರೂಡ್ರೈವರ್ ಕೂಡ ಬೇಕಾಗಲಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಮೂರು ಕಂಬಸಾಲು. ಯಂತ್ರ ಒದ್ದಾಡುತ್ತಿರುವಾಗಲೇ ನೋಡಬೇಕು. ನಮ್ಮದರಲ್ಲಿ ಸಿಪಿಯು ಶೇ 12, ಮೆಮೊರಿ ಶೇ 88, ಡಿಸ್ಕ್ ಶೇ 100. ಅಂದರೆ ಮಿದುಳು ಆರಾಮವಾಗಿ ಕೂತಿತ್ತು. ಉಗ್ರಾಣದಿಂದ ಸಾಮಾನು ತಂದುಕೊಡುವವನು ಏದುಸಿರು ಬಿಡುತ್ತಿದ್ದ. ಸಿಪಿಯು ಅಂಕಣವೇ ಶೇ 100 ತೋರಿಸುತ್ತಿದ್ದರೆ ಅಂಗಡಿಯ ಹುಡುಗನ ಮಾತು ಸರಿ ಎಂದು ನಾನೇ ಒಪ್ಪುತ್ತಿದ್ದೆ.

ಡಿಸ್ಕ್ ಏಕೆ ನಿಧಾನ ಎಂಬುದು ಒಂಬತ್ತನೆಯ ತರಗತಿಯ ಲೆಕ್ಕ. ಹಳೆಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡಿಗೆ ತುಸು ಹೆಚ್ಚು. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ ನಾಲ್ಕು ಮಿಲಿಸೆಕೆಂಡ್. ಸೂಜಿ ಒಂದು ಜಾಡಿನಿಂದ ಇನ್ನೊಂದಕ್ಕೆ ಸರಿಯುವ ಹೊತ್ತು ಬೇರೆ. ಒಂದು ಕಡತಕ್ಕಾದರೆ ಇದು ಏನೂ ಅಲ್ಲ. ಬೆಳಿಗ್ಗೆ ಸ್ವಿಚ್ ಹಾಕಿದಾಗ ಸಾವಿರಾರು ಚಿಕ್ಕಪುಟ್ಟ ಕಡತಗಳನ್ನು ಅಲ್ಲೊಂದು ಇಲ್ಲೊಂದರಂತೆ ಹೆಕ್ಕಬೇಕಾದಾಗ ಈ ಚಿಲ್ಲರೆಯೇ ನಿಮಿಷಗಟ್ಟಲೆ ಆಗುತ್ತದೆ. ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಕಾಯುವ ಮಾತೂ ಇಲ್ಲ.

256 ಜಿಬಿಯ ಎಸ್‌ಎಸ್‌ಡಿಗೆ 2,300 ರೂಪಾಯಿ ಕೊಟ್ಟೆ. ನಾಲ್ಕು ಜಿಬಿ ರ‍್ಯಾಮ್ ಜೊತೆಗೆ ಇನ್ನೊಂದು ನಾಲ್ಕು ಜಿಬಿಯ ಹಳೆಯ ಡಿಡಿಆರ್3 ಪಟ್ಟಿ, 500 ರೂಪಾಯಿ. ಮದರ್‌ಬೋರ್ಡಿನ ಮೇಲಿನ ಗುಂಡಿಯಂಥ ಬ್ಯಾಟರಿ, ಸಿಆರ್ 2032, 40 ರೂಪಾಯಿ. ಈ ಕೊನೆಯದರ ಕಥೆ ಕೇಳಿ. ಆರು ತಿಂಗಳಿಂದ ನಮ್ಮ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪುಟ ತೆರೆಯುತ್ತಿರಲಿಲ್ಲ. ವೈರಸ್ ಇರಬೇಕೆಂದು ಒಬ್ಬರು, ವಿಂಡೋಸ್ ಹಳತಾಯಿತೆಂದು ಇನ್ನೊಬ್ಬರು. ಆದದ್ದು ಇಷ್ಟೆ: ಬ್ಯಾಟರಿ ಸತ್ತು, ಪ್ಲಗ್ ಕಿತ್ತಾಗಲೆಲ್ಲ ತಾರೀಖು ಹಿಂದಕ್ಕೆ ಓಡಿಹೋಗುತ್ತಿತ್ತು. ತಾರೀಖು ತಪ್ಪಿದ್ದರೆ ಬ್ಯಾಂಕಿನ ಪುಟದ ಸುರಕ್ಷತಾ ಪ್ರಮಾಣಪತ್ರ ಬ್ರೌಸರಿಗೆ ಹೊಂದುವುದಿಲ್ಲ, ಅದು ಬಾಗಿಲು ಹಾಕಿಕೊಳ್ಳುತ್ತದೆ. ಜೊತೆಗೆ ಹೀಟ್‌ಸಿಂಕಿನಲ್ಲಿ ತೆಂಗಿನ ನಾರಿನಷ್ಟು ಒತ್ತಾಗಿ ಕೂತಿದ್ದ ಧೂಳನ್ನು ಬಣ್ಣದ ಬ್ರಷ್ಷಿನಿಂದ ತೆಗೆದೆ, ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿದೆ. ಒಟ್ಟು ಖರ್ಚು ಮೂರು ಸಾವಿರದ ಚಿಲ್ಲರೆ. ಮೊದಲು ಸ್ವಿಚ್ ಹಾಕಿ ಒಲೆಯ ಮೇಲೆ ಕಾಫಿಗಿಟ್ಟು, ಕುಡಿದು ಬಂದು ಕೂರುತ್ತಿದ್ದೆ. ಈಗ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಸಿದ್ಧ.

ಇನ್ನು ಭದ್ರತೆಯ ಮಾತು. ಎಸ್‌ಎಸ್‌ಡಿಯನ್ನು ಎರಡು ಪಾಲು ಮಾಡಿ ಒಂದರಲ್ಲಿ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಹಾಕಿದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಟಿಪಿಎಂ ಕೇಳುವುದಿಲ್ಲ. ಬ್ಯಾಂಕು, ಮೇಲ್, ಯೂಟ್ಯೂಬ್ ಎಲ್ಲ ಅಲ್ಲಿ. ಕನ್ನಡಕ್ಕೆ ಏನು ಗತಿ ಎಂಬ ಹೆದರಿಕೆ ನನಗೂ ಇತ್ತು. ಕೀಲಿಮಣೆಗಳ ಪಟ್ಟಿಯಲ್ಲಿ 'ಕಗಪ' ಎಂಬ ಹೆಸರು ನೋಡಿ ಹಳೆಯ ಸಹೋದ್ಯೋಗಿ ಸಿಕ್ಕಷ್ಟು ಸಂತೋಷವಾಯಿತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಬೆರಳು ಪಳಗಿದವರಿಗೆ ಅದು ಹೊಸದೆನಿಸುವುದಿಲ್ಲ. ತೊಡಕಾದದ್ದು ಹಳೆಯ ಪ್ರಶ್ನೆಪತ್ರಿಕೆಗಳದು. ಯುನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿದ್ದ ಹದಿನೈದು ವರ್ಷದ ಕಡತಗಳನ್ನು ಪರಿವರ್ತಕದಲ್ಲಿ ಹಾಯಿಸಿ, ಒತ್ತಕ್ಷರ ಕೆಟ್ಟಲ್ಲಿ ಕೈಯಿಂದ ತಿದ್ದಿ ಮುಗಿಸಲು ಒಂದು ದಸರಾ ರಜೆ ಪೂರ್ತಿ ಹಿಡಿಯಿತು. ಇನ್ನೊಂದು ಪಾಲಿನಲ್ಲಿ ವಿಂಡೋಸ್ 10 ಹಾಗೇ ಇದೆ, ಏಕೆಂದರೆ ಯಜಮಾನರ ಕೊಬ್ಬರಿ ಮಂಡಿಯ ಲೆಕ್ಕವೆಲ್ಲ ಟ್ಯಾಲಿಯಲ್ಲಿದೆ. ಆ ಪಾಲಿಗೆ ಇಂಟರ್ನೆಟ್ ಕೊಟ್ಟಿಲ್ಲ.

ಹೀಗೆಂದು ಹಳೆಯದನ್ನೆಲ್ಲ ಬದುಕಿಸಿ ಎಂದು ಉಪದೇಶ ಮಾಡಲಾರೆ, ನನ್ನ ಕೈ ಒಮ್ಮೆ ಸುಟ್ಟಿದೆ. ಮೊದಲ ಗೆಲುವಿನ ಅಮಲಿನಲ್ಲಿ ಅಟ್ಟದ ಮೇಲಿದ್ದ 2007ರ ಇನ್ನೊಂದು ಡಬ್ಬವನ್ನೂ ಇಳಿಸಿದೆ. ಒಂದು ಜಿಬಿ ಡಿಡಿಆರ್2 ರ‍್ಯಾಮ್. ಅದಕ್ಕೂ ಎಸ್‌ಎಸ್‌ಡಿ ಹಾಕಿದೆ, ರ‍್ಯಾಮ್ ಹುಡುಕಿ ತಂದೆ, ಎರಡು ಭಾನುವಾರ ಕಳೆದೆ. ಸ್ವಿಚ್ ಹಾಕಿದರೆ ಬೇಗ ಏಳುತ್ತಿತ್ತು, ನಿಜ. ಬ್ರೌಸರ್ ತೆರೆದೊಡನೆ ಸಿಪಿಯು ಶೇ 100 ಮುಟ್ಟಿ ಮಂಡಿಯೂರುತ್ತಿತ್ತು. ಮದರ್‌ಬೋರ್ಡಿನ ಮೇಲೆ ನಾಲ್ಕು ಕ್ಯಾಪಾಸಿಟರುಗಳ ತಲೆ ಉಬ್ಬಿದ್ದನ್ನು ನೋಡಿಯೂ ನೋಡದ ಹಾಗಿದ್ದೆ. ಒಂದು ತಿಂಗಳಿಗೆ ಪೂರ್ತಿ ಮಲಗಿತು. ಎಸ್‌ಎಸ್‌ಡಿ ಬಿಚ್ಚಿಕೊಂಡೆ, ಉಳಿದ ದುಡ್ಡು ಹುಣಸೆಹಣ್ಣಿನ ಲೆಕ್ಕಕ್ಕೆ ಹೋಯಿತು. ಪರೀಕ್ಷೆ ಮಾಡುವುದೆಂದರೆ ಪ್ರತಿಕೂಲ ಉತ್ತರವನ್ನೂ ಒಪ್ಪುವುದು ಎಂದು ಮಕ್ಕಳಿಗೆ ಹೇಳುವವಳು ನಾನೇ.

ಬಿಡಿಭಾಗ ತಂದು ಹೊಸ ಕಂಪ್ಯೂಟರ್ ಕಟ್ಟುವ ವಿಚಾರ ಮಗನಿಂದ ಕಲಿತದ್ದು. ತುಮಕೂರಿನಲ್ಲಿ ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುತ್ತಾನೆ. ಅವನ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕು, ನಾಳೆ ಇನ್ನೊಂದು ಡಿಸ್ಕ್ ಸೇರಿಸುವಂತಿರಬೇಕು. 2025ರ ಆಗಸ್ಟಿನಲ್ಲಿ ಪಟ್ಟಿ ಮಾಡಿದಾಗ 16 ಜಿಬಿ ಡಿಡಿಆರ್5 ರ‍್ಯಾಮ್ ಐದು ಸಾವಿರದೊಳಗಿತ್ತು. "ದೀಪಾವಳಿಗೆ ಇನ್ನೂ ಇಳಿಯುತ್ತೆ ಅಮ್ಮ" ಎಂದು ಕಾದ. ಡಿಸೆಂಬರಿನಲ್ಲಿ ನಾವು ರೈಲು ಹತ್ತಿ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿಳಿದು ಎಸ್.ಪಿ. ರಸ್ತೆಗೆ ಹೋದರೆ ಅದೇ ರ‍್ಯಾಮಿಗೆ ಎರಡು ಪಟ್ಟು ದಾಟಿದ ಬೆಲೆ. ಜಗತ್ತಿನ ರ‍್ಯಾಮ್‌ನ ಬಹುಪಾಲು ಬರುವುದು ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳಿಂದ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಕೇಳಿದಷ್ಟು ಕೊಟ್ಟು ಕೊಳ್ಳುತ್ತಿರುವಾಗ ಮನೆಯವರ ಪಾಲಿಗೆ ಉಳಿಯುವುದು ಕಡಿಮೆ. ಮನೆಬಳಕೆಯ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ವ್ಯಾಪಾರವನ್ನೇ ಬಿಡುವುದಾಗಿ ಮೈಕ್ರಾನ್ ಅದೇ ಡಿಸೆಂಬರಿನಲ್ಲಿ ಘೋಷಿಸಿತು. ಕಟ್ಟಿದರೆ ಅಗ್ಗ ಎಂಬ ಹಳೆಯ ನಂಬಿಕೆ ಅಲ್ಲೇ ಅರ್ಧ ಕರಗಿತು.

ಉಳಿದರ್ಧ ಕರಗಿದ್ದು ಕೂಡಿಸಿ ಕಳೆದಾಗ. ಬಿಲ್ ಬೇಡವೆಂದರೆ ಶೇ 18ರ ಜಿಎಸ್‌ಟಿ ಉಳಿಯುತ್ತದೆ ಎಂದು ಒಂದು ಅಂಗಡಿಯಲ್ಲಿ ಮೆಲ್ಲಗೆ ಹೇಳಿದರು. ಬಿಲ್ಲಿಲ್ಲದ ಮದರ್‌ಬೋರ್ಡಿಗೆ ವಾರಂಟಿಯನ್ನು ಯಾರ ಹತ್ತಿರ ಕೇಳುವುದು? ಅಸಲಿ ವಿಂಡೋಸಿಗೆ ಬೇರೆ ಸಾವಿರಗಟ್ಟಲೆ ಕೊಡಬೇಕು, ಬ್ರ್ಯಾಂಡೆಡ್ ಯಂತ್ರದಲ್ಲಿ ಸಾಮಾನ್ಯವಾಗಿ ಅದು ಸೇರಿಯೇ ಬರುತ್ತದೆ. ಬಿಡಿಭಾಗಕ್ಕೊಂದು ವಾರಂಟಿ, ಯಾವುದು ಕೆಟ್ಟರೂ ಮತ್ತೆ ಬೆಂಗಳೂರಿನ ರೈಲು, ಒಂದು ದಿನದ ರಜೆ. ಒಟ್ಟು ಎಪ್ಪತ್ತೆಂಟು ಸಾವಿರ ಆಯಿತು. ರಾತ್ರಿ ಹತ್ತಕ್ಕೆ ಜೋಡಿಸಿ ಸ್ವಿಚ್ ಹಾಕಿದರೆ ಪರದೆ ಕಪ್ಪು. ಒಂದು ಗಂಟೆ ಬೆವರಿದ ಮೇಲೆ ಗೊತ್ತಾಯಿತು, ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕುವ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿದ್ದೆವು. ಮಗ ಈಗಲೂ ತನ್ನ ಯಂತ್ರದ ಬಗ್ಗೆ ಸಾಕಿದ ಹೋರಿಯ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಾನೆ, ಅದು ತಪ್ಪಲ್ಲ. ಬೇಕಾದಷ್ಟೇ ಬೇಕಾದ ಕಡೆ ಹಾಕಿಕೊಳ್ಳಲು, ಮುಂದೆ ಒಂದೊಂದೇ ಬದಲಿಸಲು ಕಟ್ಟಬೇಕು. ದುಡ್ಡು ಉಳಿಸಲೆಂದು ಕಟ್ಟುವವರಿಗೆ ನಿರಾಸೆ ಕಾದಿದೆ. ಕಟ್ಟುವುದಾದರೆ ಒಳಗಿನ ಭಾಗಗಳಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಲ್ಲಿ ಮಾತ್ರ ಜಿಪುಣತನ ಬೇಡ. ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಎದ್ದಾಗ ನಮ್ಮ ಕಡೆ ಬಲ್ಬು ಹೇಗೆ ಕೆಂಪಾಗುತ್ತದೆ ಎಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಣ್ಣು ಮುಚ್ಚಿ ಹೊಸದು ಕೊಂಡದ್ದೂ ಉಂಟು, ತಂಗಿಯ ಮಗಳಿಗೆ. ಎಂಜಿನಿಯರಿಂಗ್ ಸೇರಿ ಹಾಸ್ಟೆಲ್ಲಿಗೆ ಹೊರಟ ಹುಡುಗಿ. ನನ್ನ ಪ್ರಯೋಗ ನೋಡಿದ್ದವಳು "ದೊಡ್ಡಮ್ಮ, ನನಗೂ ಹಳೇದೇ ರೆಡಿ ಮಾಡಿಕೊಡ್ತೀರಾ?" ಎಂದು ಆತಂಕದಿಂದಲೇ ಕೇಳಿದಳು. ಬೇಡ ಎಂದೆ. ದಿನಾ ಹೊತ್ತು ತಿರುಗುವ ಯಂತ್ರಕ್ಕೆ ಹೊಸ ಬ್ಯಾಟರಿ, ಗಟ್ಟಿ ಹಿಂಜ್, ಕೆಟ್ಟರೆ ಕರೆದಲ್ಲಿಗೆ ಬರುವ ಸರ್ವಿಸ್ ಬೇಕು. ನಾಲ್ಕು ವರ್ಷ ಅವಳ ಓದು ಅದರ ಮೇಲೆ ನಿಂತಿದೆ. ಒಂದೇ ಷರತ್ತು ಹಾಕಿದೆ: ರ‍್ಯಾಮನ್ನು ಬೋರ್ಡಿಗೇ ಬೆಸೆದಿರುವ ಮಾದರಿ ಬೇಡ, ಮುಂದೆ ಹೆಚ್ಚಿಸಲು ಜಾಗ ಇರುವುದನ್ನೇ ಆರಿಸು ಎಂದು. ತೆಳ್ಳಗೆ ಕಾಣಲೆಂದು ಎಲ್ಲವನ್ನೂ ಅಂಟಿಸಿಬಿಟ್ಟ ಲ್ಯಾಪ್‌ಟಾಪ್ ಹತ್ತು ವರ್ಷದ ನಂತರ ನನ್ನಂಥವಳ ಕೈಗೆ ಬಂದರೂ ಏನೂ ಮಾಡಲಾಗುವುದಿಲ್ಲ.

ಇವೆಲ್ಲದರ ನಡುವೆ ಇನ್ನೊಂದು ದಾರಿ ಇದೆ. ದೊಡ್ಡ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಡೆಸ್ಕ್‌ಟಾಪುಗಳು ರಿಫರ್ಬಿಷ್ಡ್ ಎಂಬ ಹೆಸರಿನಲ್ಲಿ ಬರುತ್ತವೆ. ಎಂಟನೆಯ ಅಥವಾ ಆಮೇಲಿನ ತಲೆಮಾರಿನ ಪ್ರೊಸೆಸರ್, ಬಿಲ್ಲು, ಕನಿಷ್ಠ ಆರು ತಿಂಗಳ ವಾರಂಟಿ, ಅಸಲಿ ವಿಂಡೋಸ್ ಇಷ್ಟು ಇದ್ದರೆ ಮನೆಗೆ ಒಳ್ಳೆಯ ಸಂಬಂಧ. ನಮ್ಮ ಪಕ್ಕದ ಮನೆಯವರು ಇವನ್ನು ಕೇಳದೆ ತಂದರು. ಮೂರೇ ವಾರಕ್ಕೆ ಪರದೆಯ ಮೂಲೆಯಲ್ಲಿ ವಿಂಡೋಸ್ ಅಸಲಿಯಲ್ಲ ಎಂಬ ಬರಹ ಬಂದು ಕೂತಿತು.

ಮನೆಯಾಚೆಗೂ ಒಂದು ಮಾತಿದೆ. ನಮ್ಮ ಸೀಮೆಯ ಒಂದು ಶಾಲೆಯ ಲ್ಯಾಬಿನಲ್ಲಿ ಪ್ಲಾಸ್ಟಿಕ್ ಹೊದ್ದು ಮಲಗಿದ್ದ ಹತ್ತು ಕಂಪ್ಯೂಟರುಗಳಿಗೆ ಕಂಡಮ್ ಪಟ್ಟಿ ಸಿದ್ಧವಾಗಿತ್ತು. ಅನುಮತಿ ಕೇಳಿ ಒಂದು ಶನಿವಾರ ಬಿಚ್ಚಿದೆವು. ಮೂರಕ್ಕೆ ರ‍್ಯಾಮ್ ಪಟ್ಟಿ ಕಿತ್ತು, ರಬ್ಬರಿನಲ್ಲಿ ಉಜ್ಜಿ ಮತ್ತೆ ಕೂರಿಸಿದ್ದಷ್ಟೇ ಚಿಕಿತ್ಸೆ. ಎರಡಕ್ಕೆ ನಲವತ್ತು ರೂಪಾಯಿಯ ಬ್ಯಾಟರಿ. ಒಂದರ ಭಾಗ ಹಾಕಿ ಇನ್ನೊಂದನ್ನು ಎಬ್ಬಿಸಿದೆವು. ಉಳಿದ ನಾಲ್ಕು ನಿಜವಾಗಿಯೂ ಸತ್ತಿದ್ದವು. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಇಂಥವು ನೋಂದಾಯಿತ ಮರುಬಳಕೆದಾರರಿಗೇ ಹೋಗಲಿ ಎನ್ನುತ್ತವೆ, ಗುಜರಿಯವನ ಬೆಂಕಿಗಲ್ಲ. ಕಂಡಮ್ ಪಟ್ಟಿಗೆ ಸಹಿ ಹಾಕುವ ಮುಂಚೆ ಯಾವ ಭಾಗ ಕೆಟ್ಟಿದೆ ಎಂದು ಒಂದು ಸಾಲು ಬರೆಯುವುದನ್ನು ಕಡ್ಡಾಯ ಮಾಡಿದರೆ ಸಾಕು, ಎಷ್ಟೋ ಶಾಲೆಗಳ ಲ್ಯಾಬಿನಲ್ಲಿ ದೀಪ ಹತ್ತುತ್ತದೆ.

ಮನೆಯಲ್ಲಿರುವುದು ಸರಿಹೋಗುವಂತಿದ್ದರೆ ಸರಿಮಾಡಿ. ಹೊತ್ತು ತಿರುಗಬೇಕಿದ್ದರೆ ಹೊಸದು ಕೊಳ್ಳಿ. ವಿಶೇಷ ಕೆಲಸವೂ ಪುರುಸೊತ್ತೂ ಎರಡೂ ಇದ್ದರೆ ಕಟ್ಟಿ. ಮೂರರಲ್ಲಿ ಯಾವುದೆಂದು ತಿಳಿಯಲು ಖರ್ಚಿಲ್ಲ. ಮೂರು ಕೀಲಿ ಒತ್ತಿ ಅಂಕಿ ನೋಡಿ. ಬೇಕಾದ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಪ್ಲಗ್ ಕಿತ್ತಿಡಿ. ಕ್ಯಾಬಿನೆಟ್ಟಿನ ಹಿಂದೆ, ಮುಂದಿನಿಂದ ನೋಡಿದರೆ ಎಡಗಡೆ ಬರುವ ಹಲಗೆಯ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ. ಅವನ್ನು ಬಿಚ್ಚಿ ಒಳಗೆ ನೋಡಿದ ಮೇಲೆ ಅಂಗಡಿಗೆ ಹೋಗಿ.