ಎದುರಿಗೆ ಕುಳಿತವರ ಮಾತು

ಕಳೆದ ಸಂಚಿಕೆಯಲ್ಲಿ ಬ್ರಿಜ್ ಆಟದ ಎಣಿಕೆಯನ್ನು ಕುರಿತು ನಾಲ್ಕು ಮಾತು ಬರೆದಿದ್ದೆ. ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು. ಅದನ್ನು ಓದಿದ ನಮ್ಮ ಸಂಘದ ಸದಸ್ಯರೊಬ್ಬರು ಮೊನ್ನೆ ಸಿಕ್ಕಿ, “ಸ್ವಾಮಿ, ನಿಮ್ಮ ಎಣಿಕೆ ನನಗೆ ಬಾಯಿಪಾಠವಾಗಿದೆ. ನನ್ನ ಜೊತೆಗಾರರಿಗೂ ಆಗಿದೆ. ಆದರೂ ಪ್ರತಿ ಭಾನುವಾರವೂ ಸೋಲುತ್ತೇವಲ್ಲ, ಏಕೆ?” ಎಂದು ಕೇಳಿದರು.

“ಜೊತೆಗಾರರು ಕೂಗಿದ್ದನ್ನು ನೀವು ನಂಬುತ್ತೀರಾ?” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಸರಿಯೆಂದು ತೋರಿದರೆ ನಂಬುತ್ತೇನೆ” ಎಂದರು. ರೋಗ ಎಲ್ಲಿದೆಯೆಂದು ನನಗೆ ಗೊತ್ತಾಯಿತು. ಏಕೆಂದರೆ ಅದೇ ರೋಗದಿಂದ ನಾನೂ ನರಳಿದವನೇ.

ಆಟ ಬಾರದ ವಾಚಕರು ಇಷ್ಟು ತಿಳಿದರೆ ಸಾಕು. ಇದು ನಾಲ್ವರ ಆಟ; ಎದುರುಬದುರು ಕುಳಿತ ಇಬ್ಬರು ಒಂದು ಪಕ್ಷ. ತಲೆಗೆ ಹದಿಮೂರು ಎಲೆ. ಆಟಕ್ಕೆ ಮೊದಲು ಹರಾಜಿನಲ್ಲಿ ಕೂಗುವಂತೆ ಕೂಗಬೇಕು: ಇಂಥ ಜಾತಿಯ ಎಲೆ ತುರುಪಾದರೆ ಇಷ್ಟು ಟ್ರಿಕ್ಕು ಗೆಲ್ಲುತ್ತೇವೆ ಎಂದು. ‘ನಾಲ್ಕು’ ಎಂದು ಕೂಗಿದರೆ ಆರರ ಮೇಲೆ ನಾಲ್ಕು, ಅಂದರೆ ಹತ್ತು. ಒಂದರಿಂದ ಏಳರವರೆಗೆ, ನಾಲ್ಕು ಜಾತಿಗೂ ತುರುಪಿಲ್ಲದ ‘ನೋ ಟ್ರಂಪ್’ಗೂ ಸೇರಿ ಕೂಗುಗಳು ೩೫. ಅವುಗಳ ಜೊತೆಗೆ ಪಾಸ್, ಡಬಲ್, ರೀಡಬಲ್. ಒಟ್ಟು ೩೮ ಮಾತುಗಳ ಭಾಷೆ. ಇಷ್ಟರಲ್ಲೇ ನಿಮ್ಮ ಕೈಯನ್ನು ಎದುರಿನವರಿಗೆ ತಿಳಿಸಬೇಕು, ಅವರ ಕೈಯನ್ನು ನೀವು ತಿಳಿಯಬೇಕು. ಹುಬ್ಬು ಹಾರಿಸುವಂತಿಲ್ಲ, ದನಿ ಏರಿಸುವಂತಿಲ್ಲ. ಇಷ್ಟು ಬಡವಾದ ಭಾಷೆಯಲ್ಲಿ ಆಡಿದ ಮಾತನ್ನೂ ನಂಬದೆ ಹೋದರೆ ಉಳಿಯುವುದೇನು?

ನನ್ನ ಕಥೆಯನ್ನು ಹೇಳಿಬಿಡುತ್ತೇನೆ. ನನ್ನ ಜೊತೆಗಾರಳು ನನ್ನ ಹೆಂಡತಿ. ಒಂದು ಭಾನುವಾರ ನನಗೆ ೧೩ ಎಣಿಕೆಯ ಕೈ ಬಂದಿತ್ತು: ಆಟೀನಿನಲ್ಲಿ ಎಕ್ಕ, ರಾಣಿ, ಗುಲಾಮ ಸೇರಿ ಆರು ಎಲೆ, ಕಳಾವರಿನ ಎಕ್ಕ, ಡೈಮನ್ನಿನ ರಾಣಿ, ಇಸ್ಪೇಟಿನಲ್ಲಿ ಮಾತ್ರ ಒಂದೇ ಒಂದು ಸಣ್ಣ ಎಲೆ. ‘ಒಂದು ಆಟೀನ್’ ಎಂದೆ. ಎಡಗಡೆಯವರು ‘ಒಂದು ಇಸ್ಪೇಟ್’ ಎಂದರು. ನನ್ನಾಕೆ ‘ಎರಡು ಆಟೀನ್’ ಎಂದಳು. ಬಲಗಡೆಯವರು ಒಮ್ಮೆಗೇ ‘ನಾಲ್ಕು ಇಸ್ಪೇಟ್’ಗೆ ಹಾರಿದರು. ನಾನು ಪಾಸ್, ಎಡಗಡೆಯವರು ಪಾಸ್. ಆಕೆ ‘ಡಬಲ್’ ಎಂದಳು. ಎಂದರೆ, ಇವರು ಹತ್ತು ಟ್ರಿಕ್ಕು ಗೆಲ್ಲಲಾರರು, ದಂಡ ಇಮ್ಮಡಿಯಾಗಲಿ ಎಂದು ಅರ್ಥ.

ನನಗೆ ಎದೆ ನಡುಗಿತು. ‘ನನ್ನಲ್ಲಿ ಇಸ್ಪೇಟ್ ಒಂದೇ ಇದೆ. ಇವರನ್ನು ತಡೆಯುವವರು ಯಾರು? ಪಾಪ, ಆಕೆಗೆ ಆವೇಶ ಬಂದಿರಬೇಕು’ ಎಂದುಕೊಂಡು ‘ಐದು ಆಟೀನ್’ ಎಂದುಬಿಟ್ಟೆ. ಎಡಗಡೆಯವರು ಸಂತೋಷದಿಂದ ಡಬಲ್ ಮಾಡಿದರು. ಹನ್ನೊಂದು ಟ್ರಿಕ್ಕು ಬೇಕಾಗಿದ್ದಲ್ಲಿ ನನಗೆ ಬಂದದ್ದು ಎಂಟು.

ಆಟ ಮುಗಿದ ಮೇಲೆ ಎಲೆಗಳನ್ನು ಹರಡಿ ನೋಡಿದೆವು. ಆಕೆಯ ಕೈಯಲ್ಲಿ ಇಸ್ಪೇಟಿನ ರಾಣಿ, ಗುಲಾಮ, ಹತ್ತು, ಒಂಬತ್ತು. ಮೇಲೆ ಡೈಮನ್ನಿನ ಎಕ್ಕ. ತುರುಪಿನಲ್ಲಿ ಎರಡು, ನಮ್ಮಿಬ್ಬರ ಮೂರು ಎಕ್ಕ, ಒಟ್ಟು ಐದು ಟ್ರಿಕ್ಕು ನಮ್ಮವು. ಅವರಿಗೆ ಎಂಟು ಮಾತ್ರ ಸಿಗುತ್ತಿತ್ತು. ಎರಡು ಪಕ್ಷದವರೂ ಒಂದೊಂದು ಗೇಮ್ ಗೆದ್ದಿದ್ದುದರಿಂದ ದಂಡ ಹೆಚ್ಚು. ನಮಗೆ ೫೦೦ ಬರಬೇಕಾದಲ್ಲಿ ನಾವು ೮೦೦ ಕೊಟ್ಟೆವು. ನನ್ನಲ್ಲಿ ಇಸ್ಪೇಟ್ ಒಂದೇ ಇದ್ದುದಕ್ಕೇ ಆಕೆಯಲ್ಲಿ ನಾಲ್ಕು ಇರುವುದು ಸಾಧ್ಯವಾಯಿತೆಂಬ ಸರಳ ಲೆಕ್ಕ ನನ್ನ ತಲೆಗೆ ಹೊಳೆಯಲೇ ಇಲ್ಲ.

ಆಕೆ ಜಗಳವಾಡಲಿಲ್ಲ. “ನಾನು ನನ್ನ ಎಲೆ ನೋಡ್ಕೊಂಡೇ ಡಬಲ್ ಅಂದಿದ್ದು. ನಿಮ್ಮ ಎಲೆ ಏನೂಂತ ನೀವು ಮೊದಲೇ ಹೇಳಿ ಆಗಿತ್ತಲ್ಲ?” ಎಂದಳು, ಅಷ್ಟೆ.

ಆ ಒಂದು ವಾಕ್ಯದಲ್ಲಿ ಬ್ರಿಜ್ಜಿನ ಅರ್ಧ ಶಾಸ್ತ್ರವಿದೆ. ಕೈಯಲ್ಲಿರುವುದನ್ನು ಒಮ್ಮೆ ಹೇಳಬೇಕು, ಎರಡು ಸಲ ಹೇಳಬಾರದು. ನಾಲ್ಕು ಇಸ್ಪೇಟ್ ಬಂದಾಗ ಪಾಸ್ ಎಂದವನು ನಾನೇ. ಅಂದರೆ ತೀರ್ಮಾನವನ್ನು ಆಕೆಗೆ ಬಿಟ್ಟೆ. ಬಿಟ್ಟ ಮೇಲೆ ಕಸಿದುಕೊಳ್ಳುವುದು ಯಾವ ನ್ಯಾಯ? ಇನ್ನೊಂದು ಉದಾಹರಣೆ. ೧೫ರಿಂದ ೧೭ ಎಣಿಕೆಯಿದ್ದವರು ‘ಒಂದು ನೋ ಟ್ರಂಪ್’ ಎನ್ನುತ್ತಾರೆ. ಎದುರಿನವರು ೧೦ ಎಣಿಕೆಯಿಟ್ಟುಕೊಂಡು ನೇರವಾಗಿ ‘ಮೂರು ನೋ ಟ್ರಂಪ್’ ಎಂದು ನಿಲ್ಲಿಸುತ್ತಾರೆ. ಮೊದಲನೆಯವರಿಗೆ ‘ನನ್ನಲ್ಲಿ ಪೂರ್ತಿ ೧೭ ಇದೆಯಲ್ಲ, ಇನ್ನೂ ಮೇಲೆ ಹೋಗೋಣ’ ಎಂಬ ಆಸೆ. ಆದರೆ ೧೭ ಇರಬಹುದೆಂದು ಎದುರಿನವರಿಗೆ ಮೊದಲೇ ಗೊತ್ತು. ಹನ್ನೆರಡು ಟ್ರಿಕ್ಕಿನ ಸ್ಲ್ಯಾಮಿಗೆ ಇಬ್ಬರದೂ ಸೇರಿ ೩೩ರಷ್ಟು ಬೇಕು. ಇಲ್ಲಿ ೨೭ಕ್ಕಿಂತ ಹೆಚ್ಚಿಲ್ಲ. ಹೇಳಿದವರಿಗಿಂತ ಕೇಳಿದವರಿಗೆ ಎರಡೂ ಕೈ ಹೆಚ್ಚು ಚೆನ್ನಾಗಿ ಕಾಣುತ್ತದೆ.

ಹಾಗೆಂದು ಕಣ್ಣು ಮುಚ್ಚಿಕೊಂಡು ನಂಬಬೇಕೆಂದಲ್ಲ. ಎದುರಿನವರಿಗೆ ಖಂಡಿತ ತಿಳಿಯಲಾರದ ಸಂಗತಿ ನಿಮ್ಮ ಕೈಯಲ್ಲಿದ್ದರೆ, ಉದಾಹರಣೆಗೆ ಎಣಿಕೆ ತೀರ ಕಡಮೆಯಿದ್ದೂ ನೀವು ಮೊದಲು ಕೂಗಿದ್ದರೆ, ಆಗ ಮಾತು ಬದಲಿಸುವುದು ನಿಮ್ಮ ಕರ್ತವ್ಯ. ಬದಲಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ‘ಇದು ನನ್ನ ಹೊಸ ಸುದ್ದಿಯೋ, ಹಳೆಯ ಭಯವೋ?’

ಅಪನಂಬಿಕೆ ದೊಡ್ಡವರನ್ನೂ ಬಿಟ್ಟಿಲ್ಲ. ೧೯೨೫ರಲ್ಲಿ ಹೆರಾಲ್ಡ್ ವಾಂಡರ್‌ಬಿಲ್ಟ್ ಈಗಿನ ಕಾಂಟ್ರಾಕ್ಟ್ ಬ್ರಿಜ್‌ಗೆ ರೂಪ ಕೊಟ್ಟ ಮೇಲೆ ಅಮೇರಿಕದಲ್ಲಿ ಈ ಆಟದ ಹುಚ್ಚು ಹಬ್ಬಿತು. ೧೯೨೯ರ ಸೆಪ್ಟೆಂಬರಿನಲ್ಲಿ ಕಾನ್ಸಾಸ್ ಸಿಟಿಯ ಬೆನೆಟ್ ದಂಪತಿಗಳು ನೆರೆಯವರೊಂದಿಗೆ ಆಡುತ್ತಿದ್ದರು. ಗಂಡ ‘ಒಂದು ಇಸ್ಪೇಟ್’ ಎಂದ, ಹೆಂಡತಿ ನಾಲ್ಕಕ್ಕೆ ಏರಿಸಿದಳು, ಆತ ಸೋತ. ಮಾತಿಗೆ ಮಾತು ಬೆಳೆದು ಆತ ಕೆನ್ನೆಗೆ ಹೊಡೆದ. ಆಕೆ ಪಿಸ್ತೂಲು ತಂದು ಸುಟ್ಟಳು. ೧೯೩೧ರಲ್ಲಿ ನ್ಯಾಯಾಲಯ ಆಕೆಯನ್ನು ಬಿಡುಗಡೆ ಮಾಡಿತು.

ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಈಲೀ ಕಲ್ಬರ್ಟ್‌ಸನ್ನನಿಗೂ ಸಿಡ್ನಿ ಲೆಂಝ್‌ಗೂ ೧೫೦ ರಬ್ಬರುಗಳ ಪಂದ್ಯ ಏರ್ಪಟ್ಟಿತು. ಕಲ್ಬರ್ಟ್‌ಸನ್ನನ ಮುಖ್ಯ ಜೊತೆಗಾರಳು ಆತನ ಹೆಂಡತಿ ಜೋಸೆಫೀನ್. ಲೆಂಝ್‌ನ ಜೊತೆಗಾರ ಆಸ್ವಾಲ್ಡ್ ಜೇಕೋಬಿ ಎಂಬ ಪ್ರತಿಭಾವಂತ ತರುಣ. ಈ ತರುಣನ ಸಾಹಸದ ಕೂಗುಗಳು ಹಿರಿಯನಿಗೆ ಹಿಡಿಸಲಿಲ್ಲ, ಆಕ್ಷೇಪಣೆ ಬೆಳೆಯಿತು. ೧೦೩ನೆಯ ರಬ್ಬರು ಮುಗಿದ ಮೇಲೆ ಜೇಕೋಬಿ ಎದ್ದು ಹೋಗಿಬಿಟ್ಟ. ಉಳಿದುದನ್ನು ಲೆಂಝ್ ಬೇರೊಬ್ಬನೊಂದಿಗೆ ಆಡಿ ಮುಗಿಸಿದ. ಕೊನೆಗೆ ಕಲ್ಬರ್ಟ್‌ಸನ್ ಪಕ್ಷ ೮,೯೮೦ ಅಂಕಗಳಿಂದ ಗೆದ್ದಿತು.

ಇಂದು ದೊಡ್ಡ ಪಂದ್ಯಗಳಲ್ಲಿ ಮೇಜಿನ ಮೇಲೆ ಮೂಲೆಯಿಂದ ಮೂಲೆಗೆ ಪರದೆ ನಿಲ್ಲಿಸುತ್ತಾರೆ. ಕೂಗುವ ಹೊತ್ತಿನಲ್ಲಿ ಜೊತೆಗಾರರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣದು. ಬಾಯಿಂದ ಕೂಗುವುದೂ ಇಲ್ಲ. ಬರೆದ ಚೀಟಿಗಳನ್ನು ಇಡುತ್ತಾರೆ. ೨೦೧೮ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ ಜೋಡಿ ವಿಭಾಗದ ಚಿನ್ನವನ್ನು ಭಾರತಕ್ಕೆ ತಂದವರು ೬೦ ವರ್ಷದ ಪ್ರಣಬ್ ಬರ್ಧನ್, ೫೬ ವರ್ಷದ ಶಿಬ್‌ನಾಥ್ ಸರ್ಕಾರ್. ಆ ವಯಸ್ಸಿನಲ್ಲಿ ಚಿನ್ನದ ಪದಕ ತರುವ ಆಟ ಇನ್ನಾವುದಿದೆ? ತೋಳ್ಬಲ ಕುಂದುವ ಕಾಲಕ್ಕೆ ಪರಸ್ಪರ ನಂಬಿಕೆ ಬಲಿತಿರುತ್ತದೆಯೆಂಬುದೂ ಅದಕ್ಕೊಂದು ಕಾರಣವಿದ್ದೀತು.

ನನ್ನ ಕಥೆಗೆ ಮರಳುತ್ತೇನೆ. ಆ ಭಾನುವಾರದ ಅಂಕಗಳನ್ನು ಮುಂದಿನ ಭಾನುವಾರವೇ ಗಳಿಸಿಕೊಂಡೆವು. ಕಳೆದುಹೋದದ್ದು ಬೇರೆ. ಅಂದಿನಿಂದ ನನ್ನಾಕೆ ಡಬಲ್ ಎನ್ನುವುದನ್ನೇ ಬಿಟ್ಟಳು. ಒಳ್ಳೆಯ ಕೈ ಬಂದರೂ ಪಾಸ್. ತನ್ನ ಎಲೆಗಳನ್ನು ನೋಡಿ ಕೂಗುವ ಬದಲು, ‘ಇವರು ಇದಕ್ಕೆ ಏನು ಮಾಡಿಬಿಡುತ್ತಾರೋ’ ಎಂದು ನನ್ನ ಮನಸ್ಸನ್ನು ಊಹಿಸಿ ಕೂಗುತ್ತಿದ್ದಳು. ಒಬ್ಬರ ತೀರ್ಮಾನವನ್ನು ನಂಬದೆ ಹೋದರೆ, ಕ್ರಮೇಣ ಅವರು ತೀರ್ಮಾನ ಮಾಡುವುದನ್ನೇ ಬಿಡುತ್ತಾರೆ. ನನ್ನೆದುರಿಗೆ ಕುಳಿತಿದ್ದುದು ಜೊತೆಗಾರಳಲ್ಲ, ನನ್ನದೇ ನೆರಳು. ಆಟ ಇರಲಿ, ಮನೆಯಲ್ಲೂ “ನಿಮಗೆ ಹೇಗೆ ತೋರುತ್ತೋ ಹಾಗೆ ಮಾಡಿ” ಎಂಬ ಮಾತು ಎಷ್ಟು ಸಲ ಕೇಳಿದ್ದೇನೆಂದು ಆಗಲೇ ನನಗೆ ಅರಿವಾದದ್ದು.

ಎರಡು ತಿಂಗಳ ಮೇಲೆ ಒಂದು ದಿನ ಎದುರು ಪಕ್ಷದವರು ‘ನಾಲ್ಕು ಆಟೀನ್’ ಕೂಗಿದಾಗ ಆಕೆ ಮತ್ತೆ ‘ಡಬಲ್’ ಎಂದಳು. ನನ್ನ ಕೈ ಬರಿದು. ಹಳೆಯ ನಡುಕ ಬಂತು. ನುಂಗಿಕೊಂಡು ಪಾಸ್ ಎಂದೆ. ಅವರು ಹತ್ತಕ್ಕೆ ಹತ್ತು ಟ್ರಿಕ್ಕೂ ಗೆದ್ದರು! ಆಕೆ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಎಲೆಗಳನ್ನು ಕೂಡಿಸುತ್ತ, “ಈಗ ಹಂಚೋ ಸರದಿ ಯಾರದು?” ಎಂದೆ.

ಮುಂದಿನ ಭಾನುವಾರ ಆಕೆ ಮೊದಲಿನಂತೆ ಕೂಗಿದಳು.

ಆದ್ದರಿಂದ ನಮ್ಮ ಸದಸ್ಯರಿಗೆ ನನ್ನ ಸಲಹೆ ಇಷ್ಟೆ. ಎಣಿಕೆ ಹಾಗೇ ಇರಲಿ. ಬರುವ ಭಾನುವಾರ ಜೊತೆಗಾರರ ಒಂದು ಕೂಗು ನಿಮಗೆ ತಪ್ಪೆಂದು ತೋರಿದರೂ ಅದನ್ನು ನಿಲ್ಲಗೊಡಿ. ಸೋತರೆ ಬಾಯಿ ಬಿಡಬೇಡಿ, ಕಾಫಿ ತರಿಸಿ. ಇದನ್ನು ಮೂರು ವಾರ ಮಾಡಿ ನೋಡಿ, ಆಮೇಲೆ ನನಗೆ ತಿಳಿಸಿ.