ಹದಿನೆಂಟಕ್ಕೆ ತೀರುವ ಹೊಣೆಯೇ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮರುವಾರ ಯಾದಗಿರಿ, ಶಹಾಪುರ, ಸುರಪುರಗಳ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಮುಂದಿನ ಓದಿಗೆ ಹಣ ಕೊಡುವವರು ಯಾರು? ತಂದೆ ತಾಯಿ ಕೂಡಿ ಬಾಳುವಲ್ಲಿ ಸಾಲ ಸೋಲ ಮಾಡಿಯಾದರೂ ಉತ್ತರ ಹುಡುಕುತ್ತಾರೆ. ತಲಾಕ್ ಆದ ಮನೆಯಲ್ಲಿ ಉತ್ತರ ಕೊಡಬೇಕಾದವನೇ ಇರುವುದಿಲ್ಲ. ಮುಂಬಯಿಯಿಂದಲೋ ಹೈದರಾಬಾದಿನಿಂದಲೋ ಆತ ಫೋನಿನಲ್ಲಿ ಹೇಳುವುದಿಷ್ಟೇ: ಮಗಳಿಗೆ ಹದಿನೆಂಟು ತುಂಬಿತು, ನನ್ನ ಹೊಣೆ ತೀರಿತು.

ಆತನ ಮಾತಿಗೆ ಕಾನೂನಿನ ಆಸರೆ ಇರಲೇ ಇಲ್ಲವೆನ್ನಲಾಗದು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಅಪ್ರಾಪ್ತ ಮಕ್ಕಳಿಗೆ ಜೀವನಾಂಶ ಕೊಡಿಸುತ್ತಿತ್ತು. ವಯಸ್ಕರಲ್ಲಿ ದೈಹಿಕ, ಮಾನಸಿಕ ನ್ಯೂನತೆಯಿಂದ ದುಡಿಯಲಾರದವರಿಗೆ ಮಾತ್ರ. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿಯೂ ಕಾಲೇಜಿನ ಮಾತಿಲ್ಲ. ಓದಿನ ಖರ್ಚು ಹೆಚ್ಚುವ ವಯಸ್ಸಿನಲ್ಲೇ ಕಾನೂನು ಮೌನ ತಾಳುತ್ತದೆ.

ಆದರೆ ಷರೀಅತ್ತೂ ಇದನ್ನೇ ಹೇಳುತ್ತದೆಂದು ಭಾವಿಸುವವರು ಫಿಕ್ಹ್ ಗ್ರಂಥಗಳನ್ನು ತೆರೆದು ನೋಡಲಿ. ಹನಫೀ ಮತದಂತೆ ಮಗಳ ಪೋಷಣೆ ವಿವಾಹದವರೆಗೂ ತಂದೆಯದೇ. ಹದಿನೆಂಟು ಎಂಬ ಗೆರೆಯೇ ಅಲ್ಲಿಲ್ಲ. ಬಡ ವಯಸ್ಕ ಮಗ ದುಡಿಯಬಲ್ಲವನಾದರೆ ತಂದೆಗೆ ಹೊಣೆಯಿಲ್ಲ, ನಿಜ. ಆದರೆ ವಿದ್ಯಾರ್ಜನೆಯಲ್ಲಿ ತೊಡಗಿ ದುಡಿಯಲಾಗದ ವಿದ್ಯಾರ್ಥಿಯ ಪೋಷಣೆಯನ್ನು ದಮಾಸ್ಕಸ್ಸಿನ ಇಬ್ನು ಆಬಿದೀನರಂಥವರು ತಂದೆಯ ಮೇಲೆಯೇ ಇರಿಸಿದರು. ಮದರಸದಲ್ಲಿ ಈ ಭಾಗ ಓದಿದಾಗ, ನಮ್ಮಂಥವರಿಗಾಗಿಯೇ ಬರೆದದ್ದೆಂದು ನಾವು ಹಿಗ್ಗಿದ್ದೆವು! ಅವರ ಮನಸ್ಸಿನಲ್ಲಿದ್ದುದು ಧಾರ್ಮಿಕ ವಿದ್ಯೆ ಎಂಬ ಆಕ್ಷೇಪ ಬರಬಹುದು. ಶುಶ್ರೂಷೆ, ಶಿಕ್ಷಕ ತರಬೇತಿ, ಕಾನೂನು ಸಮುದಾಯಕ್ಕೆ ಬೇಡವಾದ ವಿದ್ಯೆಗಳೆಂದು ಯಾವ ಆಲಿಮರು ಹೇಳಿಯಾರು?

ನ್ಯಾಯಾಲಯಗಳೂ ಸುಮ್ಮನಿಲ್ಲ. 1986ರ ಮುಸ್ಲಿಂ ಮಹಿಳೆಯರ ಕಾಯಿದೆ ಮಗುವಿನ ಮೊದಲ ಎರಡು ವರ್ಷಗಳ ಖರ್ಚನ್ನಷ್ಟೇ ಹೇಳುತ್ತದೆಂದು ವಾದಿಸಿ ತಪ್ಪಿಸಿಕೊಳ್ಳಲು ತಂದೆಯೊಬ್ಬ ಯತ್ನಿಸಿದ್ದ. 1997ರ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ವಿವಾಹದವರೆಗೆ ಎಂದಿತು. ಮಗಳಿಗೆ ತನ್ನ ವಿದ್ಯಾಭ್ಯಾಸದ ಖರ್ಚನ್ನು ಹೆತ್ತವರಿಂದ ಪಡೆಯುವ ಕಾನೂನುಬದ್ಧ ಹಕ್ಕಿದೆಯೆಂದು 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಹೇಳಿತು. ಅಲ್ಲಿ ಮಗಳು ಐರ್ಲೆಂಡಿನಲ್ಲಿ ಓದುತ್ತಿದ್ದಳು, ತಂದೆ ಕೊಟ್ಟದ್ದು 43 ಲಕ್ಷ. ನಮ್ಮ ಹುಡುಗಿಯರು ಕೇಳುತ್ತಿರುವುದು ಹಾಸ್ಟೆಲ್ ಶುಲ್ಕ, ಪುಸ್ತಕ, ಎರಡು ಜೊತೆ ಬಟ್ಟೆ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ರಷ್ಟಿತ್ತು, ರಾಜ್ಯದಲ್ಲೇ ಕನಿಷ್ಠ, ಹೆಣ್ಣುಮಕ್ಕಳದು 41. ಆಮೇಲೆ 371 ಜೆ ಮೀಸಲಾತಿ ಬಂತು, 2022ರಲ್ಲಿ ಯಾದಗಿರಿಗೆ ವೈದ್ಯಕೀಯ ಕಾಲೇಜು ಬಂತು, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸೂ ಉಚಿತವಾಯಿತು. ಬಾಗಿಲು ತೆರೆದಿರುವಾಗ ಮಗಳು ತಂದೆಯ ಹಟಕ್ಕಾಗಿ ಹತ್ತಿ ಬಿಡಿಸಲು ಹೋಗಬೇಕೆ?

ತಲಾಕ್, ಖುಲಾ ಪಂಚಾಯಿತಿಗಳಲ್ಲಿ ಮಹರ್, ಇದ್ದತ್ ಖರ್ಚು, ಮರಳಿಸಬೇಕಾದ ಪಾತ್ರೆಗಳ ಸಹಿತ ಪಟ್ಟಿಯಾಗುತ್ತದೆ. ಮಕ್ಕಳ ಹೆಸರಿನ ಮುಂದೆ ತಿಂಗಳಿಗಿಷ್ಟು ಎಂದು ಬರೆದರೆ ಅದೇ ದೊಡ್ಡದು. ಆ ಕಾಗದದಲ್ಲಿ ಇನ್ನೊಂದು ಕಲಮು ಸೇರಲಿ: ಪಿಯುಸಿಯ ನಂತರದ ಓದು ಮುಗಿಯುವವರೆಗೆ ಶುಲ್ಕ, ವಸತಿ, ಪುಸ್ತಕದಲ್ಲಿ ತಂದೆಯ ಪಾಲೆಷ್ಟು, ಯಾವ ತಿಂಗಳಲ್ಲಿ, ಯಾರ ಖಾತೆಗೆ. ಮಗನಿಗೂ ಇದು ಅನ್ವಯಿಸಲಿ. ಆದರೆ ಕಾಲೇಜಿಗೆ ಹೆಸರು ಹಚ್ಚಿ ಊರೊಳಗೆ ಬೈಕು ಓಡಿಸುವವನಿಗಲ್ಲ, ಹಾಜರಾತಿ ಕೇಳುವ ಹಕ್ಕು ತಂದೆಗಿದೆ. ತಾಯಿಗೆ ನೌಕರಿಯಿದ್ದರೆ ಆಕೆಯೂ ಪಾಲು ಹೊರಲಿ.

ಗಾರೆ ಕೆಲಸಕ್ಕೆ ಹೋಗಿ ಹೊಸ ಸಂಸಾರವನ್ನೇ ಸಾಕಲಾಗದ ತಂದೆಯಿಂದ ಏನು ವಸೂಲಾದೀತು? ಅಲ್ಲಿ ಅಜ್ಜ, ಚಿಕ್ಕಪ್ಪಂದಿರ ಸರದಿ. ಅವರೂ ಅಶಕ್ತರಾದರೆ ಬೈತುಲ್ ಮಾಲ್. ಆದರೆ ಎರಡಂತಸ್ತಿನ ಮನೆ ಕಟ್ಟಿಸಿದವನ ಮಗಳ ಶುಲ್ಕವನ್ನು ಝಕಾತಿನಿಂದ ತುಂಬಿಸಲು ಶಿಫಾರಸು ಮಾಡುವ ಮುತವಲ್ಲಿಗಳು, ಮೊದಲು ಆ ಮನೆಯ ಕದ ತಟ್ಟಿ ಬರಲಿ.