ಮುಚ್ಚಿಟ್ಟ ದಾಳ

ಹುಮನಾಬಾದ ತಾಲೂಕಿನ ಹುಡಗಿಯಲ್ಲಿ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು ಅವಳ ಮಗ ಮೊಬೈಲಿನಲ್ಲಿ ಆಡುತ್ತಿದ್ದ. ತೆರೆಯ ಮೇಲೆ ಎರಡು ಕಾಲಿನ ಲೋಹದ ದೈತ್ಯಗಳು ಒಂದರ ಮೇಲೊಂದು ಕ್ಷಿಪಣಿ ಬಿಡುತ್ತಿದ್ದವು. ಪೆಟ್ಟು ಬಿದ್ದಾಗಲೆಲ್ಲ ಒಂದು ಅಂಕಿ ಮೇಲೆ ಹಾರುತ್ತಿತ್ತು. ನಡುನಡುವೆ ಆ ಅಂಕಿ ಕೆಂಪಾಗಿ, ದಪ್ಪಗಾಗಿ, ಪಕ್ಕದಲ್ಲಿ ‘ಕ್ರಿಟ್’ ಎಂದು ಮಿನುಗುತ್ತಿತ್ತು. “ಮಾಮಾ, ಈ ಚಿಪ್ ಹಾಕಿದ್ರ ಕ್ರಿಟ್ ಜಾಸ್ತಿ ಬೀಳ್ತದ ನೋಡ್ರಿ. ಇನ್ನೂರು ರೂಪಾಯಿ ಅದ” ಅಂದ. ಎಷ್ಟು ಸಲಕ್ಕೆ ಒಂದು ಬೀಳ್ತದಪ್ಪಾ ಎಂದು ಕೇಳಿದೆ. “ಅದು ಯಾರಿಗ್ ಗೊತ್ತದರಿ? ಬೀಳ್ತದ, ಅಷ್ಟೇ.”

ನನ್ನ ತಕರಾರು ಆ ‘ಯಾರಿಗ್ ಗೊತ್ತು’ ಅನ್ನುವ ಮಾತಿನ ಮೇಲೆ. ಹುಡುಗನ ಮೇಲಲ್ಲ, ಆಟದ ಮೇಲೂ ಅಲ್ಲ. ಇಷ್ಟು ಹೇಳಿದ ಕೂಡಲೇ ನಮ್ಮ ಓದುಬರಹದ ವಲಯದ ಹಿರಿಯರು ಒಂದು ಸಿದ್ಧ ಉತ್ತರ ಕೊಡುತ್ತಾರೆ: ದಾಳದ ಆಟವೆಲ್ಲ ಜೂಜು, ಜೂಜು ಧರ್ಮರಾಯನನ್ನೇ ಕಾಡಿಗೆ ಅಟ್ಟಿತು, ಮೊಬೈಲ್ ಕಸಿದಿಡಿ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಧರ್ಮರಾಯ ಸೋತದ್ದು ದಾಳದಿಂದಲ್ಲ, ದಾಳ ಶಕುನಿಯ ಕೈಯಲ್ಲಿತ್ತು ಎಂಬುದರಿಂದ. ಇಬ್ಬರೂ ನೋಡಬಹುದಾದ, ಇಬ್ಬರೂ ಉರುಳಿಸಬಹುದಾದ ದಾಳವಾಗಿದ್ದರೆ ಆ ಕಥೆಯೇ ಬೇರೆ. ದಾಳವನ್ನೂ ಶಕುನಿಯನ್ನೂ ಒಂದೇ ಎಂದುಕೊಂಡು ಬೈಯುತ್ತ ಬಂದುದರಿಂದಲೇ ಇವತ್ತಿನ ಶಕುನಿಗಳು ನಮ್ಮ ಕಣ್ಣಿಗೆ ಬೀಳುತ್ತಿಲ್ಲ.

ನನ್ನ ಮಾತಿಗೆ ಸಾಕ್ಷಿ ಈ ದೈತ್ಯ ಯಂತ್ರಗಳ ಆಟದ ವಂಶದಲ್ಲೇ ಇದೆ. 1984ರಲ್ಲಿ ಶಿಕಾಗೋದ ಫಾಸಾ ಎಂಬ ಸಣ್ಣ ಕಂಪನಿ ‘ಬ್ಯಾಟಲ್‌ಡ್ರಾಯ್ಡ್ಸ್’ ಎಂಬ ಮೇಜಿನ ಆಟ ತಂದಿತು. ‘ಡ್ರಾಯ್ಡ್’ ಪದ ನಮ್ಮದು ಎಂದು ಸ್ಟಾರ್ ವಾರ್ಸ್‌ನವರು ತಗಾದೆ ತೆಗೆದ ಮೇಲೆ ಮರುವರ್ಷ ಅದು ‘ಬ್ಯಾಟಲ್‌ಟೆಕ್’ ಆಯಿತು. ಕಂಪ್ಯೂಟರಿನ ಮೆಕ್‌ವಾರಿಯರ್ ಆಟಗಳೆಲ್ಲ ಅದರ ಮಕ್ಕಳು ಮರಿಮಕ್ಕಳು. ಅದರಲ್ಲಿ ಪೆಟ್ಟಿನ ಲೆಕ್ಕ ಹೀಗೆ. ಗುರಿ ತಗುಲಿತು ಎಂದ ಮೇಲೆ ಎರಡು ದಾಳ ಉರುಳಿಸಬೇಕು. ಬಂದ ಮೊತ್ತವೇ ಪೆಟ್ಟು ಎಲ್ಲಿ ಬಿತ್ತೆಂದು ಹೇಳುತ್ತದೆ. ಎದುರಿನಿಂದ ಹೊಡೆದಾಗ 7 ಬಂದರೆ ಎದೆಯ ನಡುವೆ, 6 ಬಂದರೆ ಎದೆಯ ಬಲಕ್ಕೆ, 8 ಬಂದರೆ ಎಡಕ್ಕೆ. 5 ಮತ್ತು 9 ಕಾಲುಗಳು. 3, 4 ಬಲಗೈ. 10, 11 ಎಡಗೈ. 12 ಬಂದರೆ ತಲೆ. ಎರಡು ದಾಳಕ್ಕೆ 36 ಸಾಧ್ಯತೆಗಳು, ಅದರಲ್ಲಿ 7 ಆರು ಸಲ, 12 ಒಂದೇ ಸಲ. ಹಾಗಾಗಿ ಎದೆ ಹೆಚ್ಚು ತಿನ್ನುತ್ತದೆ, ತಲೆಗೆ ಅಪರೂಪಕ್ಕೆ ಬೀಳುತ್ತದೆ. ಈ ಪಟ್ಟಿ ಪುಸ್ತಕದಲ್ಲಿ ಅಚ್ಚಾಗಿದೆ, ಇಬ್ಬರು ಆಟಗಾರರ ನಡುವೆ ಮೇಜಿನ ಮೇಲೆ ತೆರೆದೇ ಇರುತ್ತದೆ.

ಪ್ರತಿ ಅಂಗಕ್ಕೂ ಹೊರಗೆ ಕವಚ, ಒಳಗೆ ಎಲುಬಿನ ಚೌಕಟ್ಟು. ಕವಚ ಇರುವ ತನಕ ಹಾನಿಯೆಂದರೆ ಬರೀ ಚೌಕ ಅಳಿಸುವ ಕೆಲಸ. ಕವಚ ಹರಿದು ಒಳಚೌಕಟ್ಟಿಗೆ ಪೆಟ್ಟು ಮುಟ್ಟಿದ ಗಳಿಗೆ ಇನ್ನೊಂದು ಪಟ್ಟಿ ಬರುತ್ತದೆ, ಕ್ರಿಟಿಕಲ್ ಹಿಟ್‌ನದು. ಮತ್ತೆ ಎರಡು ದಾಳ: 2ರಿಂದ 7ರ ತನಕ ಏನೂ ಇಲ್ಲ, 8, 9 ಬಂದರೆ ಒಂದು ಮರ್ಮ, 10, 11 ಬಂದರೆ ಎರಡು, 12 ಬಂದರೆ ಮೂರು, ಕೈಯೋ ಕಾಲೋ ತಲೆಯೋ ಆಗಿದ್ದರೆ ಅದೇ ಹಾರಿಹೋಗುತ್ತದೆ. ಯಾವ ಮರ್ಮ ಎಂಬುದನ್ನೂ ದಾಳವೇ ನಿರ್ಧರಿಸಬೇಕು. ಎದೆಯ ನಡುವಿನ 12 ಮನೆಗಳಲ್ಲಿ ಆರರಲ್ಲಿ ಎಂಜಿನ್, ನಾಲ್ಕರಲ್ಲಿ ತೋಲ ಹಿಡಿಯುವ ಗೈರೋ. ಎಂಜಿನ್ನಿಗೆ ಒಂದು ಏಟು ಬಿದ್ದರೆ ಯಂತ್ರ ಸರದಿಸರದಿಗೂ ಕಾಯುತ್ತ ಹೋಗುತ್ತದೆ, ಮೂರು ಬಿದ್ದರೆ ನಿಂತೇ ಹೋಗುತ್ತದೆ. ಗೈರೋಗೆ ಎರಡು ಸಾಕು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಆಟದಲ್ಲಿ ಕ್ರಿಟಿಕಲ್ ಎಂದರೆ ದುಪ್ಪಟ್ಟು ಅಂಕಿಯಲ್ಲ. ಏನು ಮುರಿಯಿತು ಎಂಬ ಪ್ರಶ್ನೆ. ನಮ್ಮ ಹುಡುಗನ ಮೊಬೈಲಿನ ದೈತ್ಯಕ್ಕೆ ಇರುವುದು ಒಂದೇ ಜೀವದ ಚೀಲ. ಚೀಲದಲ್ಲಿ ಒಂದೇ ಒಂದು ಅಂಕ ಉಳಿದಿದ್ದರೂ ಅದು ಹೊಸ ಮದುಮಗನ ಹಾಗೆ ಓಡುತ್ತದೆ, ಹೊಡೆಯುತ್ತದೆ. ಸೊನ್ನೆಯಾದಾಗ ದಿಢೀರನೆ ಸಾಯುತ್ತದೆ. ಗಾಯ ಎಂದರೇನು ಎಂಬುದರ ಬಗ್ಗೆ ಇದಕ್ಕಿಂತ ದೊಡ್ಡ ಸುಳ್ಳಿಲ್ಲ. ಗಾಯಕ್ಕೆ ಜಾಗ ಇರುತ್ತದೆ. ಕರ್ಣನ ಕವಚ ಹೋದದ್ದು ಬೇರೆ, ಅವನ ರಥದ ಗಾಲಿ ಹೂತದ್ದು ಬೇರೆ. ಎರಡಕ್ಕೂ ಬೇರೆ ಬೇರೆ ಫಲ. ರನ್ನನ ಗದಾಯುದ್ಧವನ್ನು ಓದಿದ ಯಾರಿಗೂ ಆ ಕಾಳಗದ ತೂಕವೆಲ್ಲ ತೊಡೆಯ ಮೇಲೆ ಕೂತಿರುವುದು ಗೊತ್ತು. ದುರ್ಯೋಧನನ ಜೀವದ ಚೀಲ ಖಾಲಿಯಾಯಿತು ಎಂದು ಯಾವ ಕವಿ ಬರೆದಾನು?

ಚರಿತ್ರೆಯೂ ಹಾಗೇ. 1565ರ ಜನವರಿಯಲ್ಲಿ ಕೃಷ್ಣಾ ತೀರದ ರಕ್ಕಸಗಿ ತಂಗಡಗಿಯ ಕಾಳಗದಲ್ಲಿ ವಿಜಯನಗರದ ಸೈನ್ಯ ಅಂಕಿಯಲ್ಲಿ ಸಣ್ಣದಿರಲಿಲ್ಲ. ಮುದುಕ ರಾಮರಾಯ ಸೆರೆಸಿಕ್ಕು ಅವನ ತಲೆ ಕತ್ತರಿಸಿದ ಮೇಲೆ ಆ ದೊಡ್ಡ ಮೈ ಒಮ್ಮೆಗೇ ಕುಸಿಯಿತು. ಎದುರು ಪಾಳೆಯದಲ್ಲಿ ನಮ್ಮ ಬೀದರಿನ ಬರೀದಶಾಹಿಯೂ ಇತ್ತು. ಸುಮಾರು ಎಂಟು ವರ್ಷ ಹಿಂದೆ ಪಾಣಿಪತ್ತಿನಲ್ಲಿ ಗೆಲ್ಲುತ್ತಿದ್ದ ಹೇಮುವಿನ ಕಣ್ಣಿಗೆ ಬಾಣ ನಾಟಿ ಆಗಿದ್ದೂ ಇದೇ. ಬ್ಯಾಟಲ್‌ಟೆಕ್ ಕಟ್ಟಿದವರಿಗೆ ಈ ಸತ್ಯ ಗೊತ್ತಿತ್ತು. 100 ಟನ್ ತೂಕದ ಅಟ್ಲಾಸ್‌ಗೂ ತಲೆಯ ಕವಚ 9, ಒಳಚೌಕಟ್ಟು 3, ಒಟ್ಟು 12 ಅಷ್ಟೇ. ದೊಡ್ಡ ತೋಪಿನ ಹಾನಿ 20.

ಈ ಆಟದ ಎಲ್ಲಕ್ಕಿಂತ ಕ್ರೂರ, ನನಗೆ ಎಲ್ಲಕ್ಕಿಂತ ಇಷ್ಟದ ನಿಯಮ ಮದ್ದುಗುಂಡಿನದು. ಗುಂಡಿನ ಪೆಟ್ಟಿಗೆಗೆ ಮರ್ಮದ ಏಟು ಬಿದ್ದರೆ ಅದರಲ್ಲಿ ಉಳಿದ ಗುಂಡುಗಳೆಲ್ಲ ಒಳಗೇ ಸಿಡಿಯುತ್ತವೆ. ಮಷೀನ್‌ಗನ್ ಈ ಆಟದ ಅತಿ ಬಡ ಆಯುಧ, ಒಂದು ಏಟಿಗೆ 2 ಹಾನಿ. ಆದರೆ ಅದರ ಒಂದು ಟನ್ ಗುಂಡು ಅಂದರೆ 200 ಏಟು. ತುಂಬಿದ ಪೆಟ್ಟಿಗೆ ಸಿಡಿದರೆ 400. ಅಟ್ಲಾಸ್‌ನ ಇಡೀ ಮೈಯ ಕವಚ ಕೂಡಿಸಿದರೆ 304. ಆ ಕವಚವೂ ಇಲ್ಲಿ ಕೆಲಸಕ್ಕೆ ಬಾರದು, ಯಾಕೆಂದರೆ ಸಿಡಿತ ಒಳಗಿನದು. ಅತಿ ಭಾರದ ಯಂತ್ರವನ್ನು ಅದರ ಅತಿ ಸಣ್ಣ ಬಂದೂಕೇ ಕೊಲ್ಲುತ್ತದೆ. ಇದನ್ನು ಅದೃಷ್ಟ ಎನ್ನುವವರು ಲೆಕ್ಕ ನೋಡಿಲ್ಲ. ಆಟ ಶುರುವಾಗುವ ಮುಂಚೆಯೇ ಆಟಗಾರ ಪೆಟ್ಟಿಗೆಯನ್ನು ಎಲ್ಲಿಡಬೇಕು, ಎಷ್ಟು ತುಂಬಬೇಕು, ಸಿಡಿತವನ್ನು ಬೆನ್ನಿನಿಂದ ಹೊರಗೆ ಬಿಡುವ ರಕ್ಷಾಕೋಶಕ್ಕೆ ಅರ್ಧ ಟನ್ ಕೊಡಬೇಕೇ ಎಂದು ತಾನೇ ತೀರ್ಮಾನಿಸಿರುತ್ತಾನೆ. ಆಟದ ನಡುವೆ ಗುಂಡನ್ನು ಕೆಳಗೆ ಸುರಿದುಬಿಡುವುದಕ್ಕೂ ನಿಯಮ ಇದೆ. ದಾಳ ಅವನ ತೀರ್ಮಾನವನ್ನು ಪರೀಕ್ಷೆ ಮಾಡುತ್ತದೆ, ಅಷ್ಟೇ. ತೊಗರಿ ಹೂ ಕಟ್ಟಿದಾಗ ಮಳೆ ಹೊಡೆಯುವುದು ರೈತನ ಕೈಯಲ್ಲಿಲ್ಲ. ಇದ್ದಬದ್ದ ಹೊಲಕ್ಕೆಲ್ಲ ತೊಗರಿಯೊಂದನ್ನೇ ಬಿತ್ತುವುದು ಬಿಡುವುದು ಅವನ ಕೈಯಲ್ಲಿದೆ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಎದುರು ಬದಿಯವರು. ‘ಅದೃಷ್ಟವೇ ಬೇಡ, ಕೌಶಲ ಒಂದೇ ಇರಲಿ’ ಎನ್ನುವ ಹುರಿಯಾಳುಗಳು. ಕವಚ ಹರಿಯದೆಯೂ ಮರ್ಮಕ್ಕೆ ತಾಗುವ ಒಂದು ಏಟು ಬ್ಯಾಟಲ್‌ಟೆಕ್‌ನಲ್ಲಿದೆ: ಜಾಗದ ದಾಳದಲ್ಲಿ 2 ಬಂದರೆ ಕವಚದ ಸಂದಿಯಿಂದ ತೂರುತ್ತದೆ. ಇದನ್ನು ಅನ್ಯಾಯ ಎನ್ನುತ್ತಾರೆ. 2 ಬೀಳುವುದು 36ರಲ್ಲಿ ಒಂದು. ಆಮೇಲೆ ಮರ್ಮದ ಪಟ್ಟಿಯಲ್ಲಿ 8 ಅಥವಾ ಮೇಲೆ ಬರುವುದು 36ರಲ್ಲಿ 15. ಎರಡನ್ನೂ ಗುಣಿಸಿದರೆ ಸುಮಾರು 86 ಪೆಟ್ಟಿಗೆ ಒಂದು. ನಾನು ಇದನ್ನು ಕಾಗದದ ಮೇಲೆ ಎರಡು ನಿಮಿಷದಲ್ಲಿ ಲೆಕ್ಕ ಹಾಕಿದೆ. ಅನ್ಯಾಯವಾಗುವ ಸಾಧ್ಯತೆ ಎಷ್ಟು ಎಂದು ನನಗೆ ಮೊದಲೇ ಹೇಳಿದ ಆಟ ಅದು. ಸಂಬಂಧಿಕರು, ಬ್ಯಾಂಕು, ಇಲಾಖೆ, ಇವರಲ್ಲಿ ಯಾರೂ ನನಗೆ ಇಷ್ಟು ಮರ್ಯಾದೆ ಕೊಟ್ಟಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಹಾನಿಯ ಲೆಕ್ಕದಲ್ಲಿ ಬಹುತೇಕ ದಾಳವೇ ಇಲ್ಲದ ಒಳ್ಳೆಯ ಆಟವೂ ಇದೆ. 2018ರ ‘ಇನ್‌ಟು ದ ಬ್ರೀಚ್’ನಲ್ಲೂ ದೈತ್ಯ ಯಂತ್ರಗಳೇ, ಶತ್ರು ಮುಂದೆ ಏನು ಮಾಡುತ್ತಾನೆ, ಎಷ್ಟು ಹಾನಿ ಎಂಬುದನ್ನು ಮೊದಲೇ ತೋರಿಸಿಬಿಡುತ್ತದೆ. ಚೆಸ್ಸಿನ ಹತ್ತಿರದ ಸುಖ ಅದು. ಅದರ ಬಗ್ಗೆ ನನಗೆ ತಕರಾರಿಲ್ಲ, ಯಾಕೆಂದರೆ ಅದೂ ಎಲ್ಲವನ್ನೂ ತೆರೆದಿಟ್ಟು ಆಡಿಸುತ್ತದೆ.

ತಕರಾರು ಇರುವುದು ಮುಚ್ಚಿಡುವವರ ಮೇಲೆ, ಮುಚ್ಚಿಡುವುದರಲ್ಲೂ ಬಗೆಗಳಿವೆ. ಮೆಕ್‌ವಾರಿಯರ್ ಆನ್‌ಲೈನ್ 2013ರಲ್ಲಿ ಬಂದಾಗ ಗುರಿ ಇಡುವುದನ್ನು ದಾಳದಿಂದ ಕಿತ್ತು ಮೌಸಿಗೆ ಕೊಟ್ಟಿತು. ಎಲ್ಲರೂ ಒಂದೇ ಜಾಗಕ್ಕೆ ಹೊಡೆಯತೊಡಗುತ್ತಾರೆಂದು ಮೇಜಿನ ಆಟದ ಕವಚವನ್ನು ದುಪ್ಪಟ್ಟು ಮಾಡಿತು. ಮರ್ಮದ ಲೆಕ್ಕ ಮಾತ್ರ ಹಳೆಯದೇ: ನೂರಕ್ಕೆ 25 ಸಲ ಒಂದು, 14 ಸಲ ಎರಡು, 3 ಸಲ ಮೂರು. ಎರಡು ದಾಳದ ಪಟ್ಟಿಯೇ ಶೇಕಡಾ ರೂಪದಲ್ಲಿ. ಇದು ಪ್ರಾಮಾಣಿಕ ಬದಲಾವಣೆ. ಇನ್ನೊಂದು ಬಗೆ ಮುದ್ದಿನ ಸುಳ್ಳು. ಜಪಾನಿನ ‘ಫೈರ್ ಎಂಬ್ಲೆಮ್’ 2002ರಿಂದ ತನ್ನ ಹಲವು ಕಂತುಗಳಲ್ಲಿ ಒಂದು ಅಂಕಿಯ ಬದಲು ಎರಡು ಅಂಕಿ ತೆಗೆದು ಸರಾಸರಿ ಮಾಡಿದೆ. ತೆರೆಯ ಮೇಲೆ 90 ಎಂದು ತೋರಿಸಿದ್ದು ಒಳಗೆ ಸುಮಾರು 98. 2016ರ ‘ಎಕ್ಸ್‌ಕಾಮ್ 2’ ಸುಲಭ ಹಂತಗಳಲ್ಲಿ ಗುರಿ ತಪ್ಪಿದವನಿಗೆ ಮುಂದಿನ ಏಟಿನಲ್ಲಿ ಗುಟ್ಟಾಗಿ ಕೈ ಹಿಡಿಯುತ್ತದೆ. 90 ಎಂದರೆ ಹತ್ತರಲ್ಲಿ ಒಂದು ತಪ್ಪುತ್ತದೆ ಎಂಬುದನ್ನು ಜನ ಸಹಿಸುವುದಿಲ್ಲ, ಅದಕ್ಕೇ ಹೀಗೆ ಎಂಬ ಸಮಜಾಯಿಷಿ ಇದೆ. ಸಹಿಸುವುದನ್ನು ಕಲಿಸುವ ಜಾಗವೇ ಆಟ ಅಲ್ಲವೇ? ಆದರೂ ಇವರು ಸುಳ್ಳು ಹೇಳಿ ಹಣ ಕೀಳುವುದಿಲ್ಲ, ಅಷ್ಟು ಮಟ್ಟಿಗೆ ಕ್ಷಮಿಸಬಹುದು.

ಮೂರನೆಯ ಬಗೆಯೇ ನಮ್ಮ ಹುಡುಗನ ಮೊಬೈಲಿನದು. ಕ್ರಿಟ್ ಎಷ್ಟು ಸಲ ಬೀಳುತ್ತದೆಂದು ಹೇಳದೆ, ಕ್ರಿಟ್ ಹೆಚ್ಚಿಸುವ ಚಿಪ್ಪನ್ನು ಮಾರುವುದು. ಚಿಪ್ಪು ಸಿಗಬಹುದಾದ, ಸಿಗದಿರಬಹುದಾದ ಪೆಟ್ಟಿಗೆಯನ್ನು ಮಾರುವುದು. ದಾಳವನ್ನು ತನ್ನ ಕೈಯಲ್ಲಿ ಮುಚ್ಚಿಟ್ಟುಕೊಂಡು, ದಾಳಕ್ಕೆ ಸೀಸ ತುಂಬಿಸಿಕೊಡುತ್ತೇನೆ ಕಾಸು ಕೊಡು ಎನ್ನುವ ವ್ಯಾಪಾರ. ಎದುರಿನವನೂ ಅದೇ ಅಂಗಡಿಯಲ್ಲಿ ಅದೇ ಸೀಸ ಕೊಂಡಿರುತ್ತಾನೆ. ಶಕುನಿ ಕೌರವರ ಪರವಾಗಿಯಾದರೂ ಇದ್ದ.

ನಮ್ಮ ಕಾನೂನು ಈ ಗುಟ್ಟಿನ ಕಡೆ ತಿರುಗಿಯೂ ನೋಡಿಲ್ಲ. 1957ರ ಚಮರ್‌ಬಾಗ್‌ವಾಲಾ ಮೊಕದ್ದಮೆಯಿಂದ 1996ರ ಲಕ್ಷ್ಮಣನ್ ಮೊಕದ್ದಮೆಯ ತನಕ, ಸುಪ್ರೀಂ ಕೋರ್ಟು ಕೇಳಿದ ಪ್ರಶ್ನೆ ಒಂದೇ: ಕೌಶಲ ಹೆಚ್ಚೋ ಅದೃಷ್ಟ ಹೆಚ್ಚೋ? ಕರ್ನಾಟಕ 2021ರಲ್ಲಿ ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲವಿರಲಿ ಅದೃಷ್ಟವಿರಲಿ, ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆಟವೆಲ್ಲ ಬಂದ್ ಎಂದಿತು. ಒಳ್ಳೆಯದೇ. ಆದರೆ ಅಕ್ಕನ ಮಗ ಹಣ ಗೆಲ್ಲುವ ಆಸೆಯಿಂದ ಆಡುವುದಿಲ್ಲ, ಬರೀ ಕಳೆದುಕೊಳ್ಳುತ್ತಾನೆ. ಗೆಲ್ಲುವ ಆಸೆ ಇದ್ದರೆ ಜೂಜು, ಬರೀ ಸೋಲುವುದಿದ್ದರೆ ಮನರಂಜನೆ ಎಂಬ ಹಾಗಾಯಿತು. ಚೀನಾ 2017ರ ಮೇ ತಿಂಗಳಿಂದಲೇ ಇಂಥ ಪೆಟ್ಟಿಗೆಗಳ ಒಳಗಿನ ಸಾಧ್ಯತೆಯನ್ನು ಪ್ರಕಟಿಸಿ ಎಂದು ಕಂಪನಿಗಳಿಗೆ ಹೇಳಿದೆ. ಆ್ಯಪಲ್ ಕಂಪನಿಯ ಅಂಗಡಿಯೂ ಅದೇ ವರ್ಷದ ಕೊನೆಗೆ ಆ ನಿಯಮ ತಂದಿತು. ಬೆಲ್ಜಿಯಂ 2018ರಲ್ಲಿ ಇವು ಜೂಜೇ ಎಂದು ತೀರ್ಮಾನಿಸಿತು. ನಾನು ಕೇಳುವುದು ಇದಕ್ಕಿಂತ ಸ್ವಲ್ಪ ಹೆಚ್ಚು: ಪೆಟ್ಟಿಗೆಯ ಲೆಕ್ಕದ ಜೊತೆಗೆ ಪೆಟ್ಟಿನ ಲೆಕ್ಕವೂ ಬೇಕು. ಕಾಸು ತೆಗೆದುಕೊಳ್ಳುವ ಆಟ ತನ್ನ ಹಾನಿಯ ಪಟ್ಟಿಯನ್ನು, ಕ್ರಿಟಿಕಲ್‌ನ ಸಾಧ್ಯತೆಯನ್ನು ಕನ್ನಡದಲ್ಲಿ, ಕೊಳ್ಳುವ ಗುಂಡಿಯ ಮೇಲೆಯೇ ಬರೆಯಲಿ. ಕಿರಾಣಿ ಅಂಗಡಿಯವನ ತಕ್ಕಡಿಗೆ ಮುದ್ರೆ ಒತ್ತಲು ಇಲಾಖೆ ಇದೆ, ಇದಕ್ಕೇಕೆ ಇರಬಾರದು?

ಇದು ಪರದೇಶದ ಆಲೋಚನೆ ಎಂದು ಯಾರಾದರೂ ಅಂದರೆ ಅವರನ್ನು ಪಕ್ಕದ ಬಸವಕಲ್ಯಾಣಕ್ಕೆ ಕಳಿಸುತ್ತೇನೆ. 12ನೇ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ಆಳಿದ ಮೂರನೇ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಆನೆ, ಸಂಗೀತದ ಜೊತೆಗೆ ಹಾಸಿನ ಆಟಗಳ ನಿಯಮಗಳೂ ಇವೆ. ಅರಸನೊಬ್ಬ ಆಟದ ನಿಯಮವನ್ನು ಬರೆದಿಡಬೇಕಾದ ವಿಷಯ ಎಂದುಕೊಂಡಿದ್ದ. ನಮ್ಮಜ್ಜಿಯರ ಚೌಕಾಬಾರದಲ್ಲೂ ನಾಲ್ಕು ಕವಡೆ ಎಲ್ಲರೆದುರು ನೆಲಕ್ಕೆ ಬೀಳುತ್ತಿದ್ದವು. ಕವಡೆ ಸಮ ಬಿದ್ದರೆ ಚೌಕ 16ಕ್ಕೊಂದು. ಅಜ್ಜಿಗೆ ಭಿನ್ನರಾಶಿ ಬರುತ್ತಿರಲಿಲ್ಲ, ಆದರೆ ಕವಡೆಯೊಂದು ಓರೆ ಬೀಳುತ್ತದೆಂದು ಅನುಮಾನ ಬಂದರೆ ಅದನ್ನು ಎತ್ತಿ ಹೊರಗೆಸೆದು ಹುಣಸೆ ಬೀಜ ತರಿಸುತ್ತಿದ್ದಳು.

ಅವತ್ತು ಸಂಜೆ ಹಳೆಯ ಕ್ಯಾಲೆಂಡರಿನ ಹಿಂದೆ ಆ ಎರಡು ಪಟ್ಟಿ ಬರೆದು, ಲೂಡೋದ ಎರಡು ದಾಳ ಇಟ್ಟುಕೊಂಡು ಹುಡುಗನ ಜೊತೆ ಆಡಿದೆ. ನಾಲ್ಕನೇ ಸುತ್ತಿಗೆ ಅವನ ಗುಂಡಿನ ಪೆಟ್ಟಿಗೆ ಸಿಡಿಯಿತು. “ಇದು ಮೋಸ ರೀ ಮಾಮಾ” ಎಂದು ಎದ್ದು ಹೋದ. ಉಂಡು ಬಂದವನು ಪಟ್ಟಿಯನ್ನು ಕೈಗೆ ತಗೊಂಡು ತುಂಬಾ ಹೊತ್ತು ನೋಡಿದ. ಆಮೇಲೆ ಪೆನ್ಸಿಲ್ಲಿನಿಂದ ತನ್ನ ಯಂತ್ರದ ಬಲ ಎದೆಯಲ್ಲಿದ್ದ ಗುಂಡಿನ ಪೆಟ್ಟಿಗೆಯನ್ನು ಹೊಡೆದುಹಾಕಿ, ಅದನ್ನು ಕಾಲಿಗೆ ಇಟ್ಟರೆ ನಡೀತದೇನು ಎಂದು ಕೇಳಿದ.